ಬೂಸ್ಟರ್ ಕಳಚಿದ ಮಾತ್ರಕ್ಕೆ ಅದು ಮ್ಯಾನ್ಯುಯಲ್ ಬ್ರೇಕ್ ಆಗುವುದಿಲ್ಲ

ಮಳೆ ಬಿಟ್ಟು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಗ್ಯಾರೇಜುಗಳ ಮುಂದೆ ಹಳೆಯ ಜೀಪುಗಳು ನಿಂತಿರುತ್ತವೆ. ತೋಟದ ಕೆಲಸಕ್ಕೆ ಕೆಲವು, ಝರಿ ಫಾಲ್ಸ್ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವುದಕ್ಕೆ ಕೆಲವು, ಬರೀ ಶೋಕಿಗೆ ಇನ್ನು ಕೆಲವು. ಇವುಗಳಲ್ಲಿ ಎಷ್ಟೋ ಗಾಡಿಗಳಲ್ಲಿ ಹುಟ್ಟಿದಾಗಿನ ಎಂಜಿನ್ ಇಲ್ಲ. ಬೇರೆ ಎಂಜಿನ್ ಕೂರಿಸಿದ ಮೇಲೆ ಗಾಡಿ ಚೆನ್ನಾಗಿ ಎಳೆಯುತ್ತದೆ, ಬ್ರೇಕ್ ಪೆಡಲ್ ಮಾತ್ರ ಕಲ್ಲು. ಆಗ ಯಾರೋ ಒಬ್ಬರು ಹೇಳುತ್ತಾರೆ: "ಆ ಬೂಸ್ಟರ್ ಕಿತ್ತು ಬಿಸಾಕಿ, ಹಳೇ ಕಾಲದ ಹಾಗೆ ಡೈರೆಕ್ಟ್ ಬ್ರೇಕ್ ಮಾಡ್ಕೊಳ್ಳಿ."

ಬೂಸ್ಟರ್ ಎಂದರೆ ಕಾಲಿನ ಒತ್ತಿಗೆ ಬಲ ಸೇರಿಸುವ ಡಬ್ಬಿ. ಅದು ಇರುವುದು ಪವರ್ ಬ್ರೇಕ್, ಇಲ್ಲದ್ದು ಮ್ಯಾನ್ಯುಯಲ್ ಬ್ರೇಕ್. ಹಾಗೆ ಮಾಡಬಹುದು. ಬೂಸ್ಟರ್ ಇಲ್ಲದ ಬ್ರೇಕಿನಲ್ಲಿ ಲಕ್ಷಾಂತರ ಗಾಡಿಗಳು ದಶಕಗಟ್ಟಲೆ ಓಡಿವೆ. ಆದರೆ ಆ ಗಾಡಿಗಳ ಪೆಡಲ್, ಮಾಸ್ಟರ್ ಸಿಲಿಂಡರ್, ಡ್ರಮ್ಮನ್ನು ಉಜ್ಜಿ ಹಿಡಿಯುವ ಲೈನರ್ ಎಲ್ಲವೂ ಬೂಸ್ಟರ್ ಇಲ್ಲ ಎಂಬ ಲೆಕ್ಕದಲ್ಲೇ ಮಾಡಿದ್ದು. ಪವರ್ ಬ್ರೇಕ್ ಗಾಡಿಯಿಂದ ಬೂಸ್ಟರನ್ನಷ್ಟೇ ತೆಗೆದರೆ ಸಿಗುವುದು ಕೆಟ್ಟು ನಿಂತ ಪವರ್ ಬ್ರೇಕ್. ಬೂಸ್ಟರ್ ಮಾಡುತ್ತಿದ್ದ ಕೆಲಸವನ್ನು ಯಾರಿಗಾದರೂ ಹಂಚಲೇಬೇಕು.

## ಕಾಲಿನಿಂದ ಚಕ್ರದವರೆಗೆ

ಬ್ರೇಕ್ ಪೆಡಲ್ ಒಂದು ಸನ್ನೆಕೋಲು. ತೋಟದಲ್ಲಿ ಬಂಡೆ ಮೀಟುವ ಹಾರೆಯನ್ನು ನೆನೆಸಿಕೊಳ್ಳಿ. ಹಾರೆಗೆ ಆನಿಸಿದ ಕಲ್ಲು ಬಂಡೆಗೆ ಹತ್ತಿರವಿದ್ದಷ್ಟೂ ಕೈಗೆ ಹಗುರ. ಆದರೆ ಬಂಡೆ ಒಂದಿಂಚು ಮೇಲೇಳಬೇಕಾದರೆ ಕೈ ಅರ್ಧ ಅಡಿ ಕೆಳಗಿಳಿಯಬೇಕು. ಹಗುರವೂ ಇರಬೇಕು, ಕೈ ಇಳಿಯುವ ದೂರವೂ ಕಡಿಮೆ ಇರಬೇಕು ಎಂದರೆ ಹಾರೆ ಒಪ್ಪುವುದಿಲ್ಲ.

ಪೆಡಲ್ ಒಂದು ಪುಶ್ ರಾಡನ್ನು ತಳ್ಳುತ್ತದೆ, ಅದು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ, ಒಳಗಿನ ಬ್ರೇಕ್ ಆಯಿಲ್ ಪೈಪಿನ ಮೂಲಕ ಚಕ್ರಗಳಿಗೆ ಒತ್ತಡವನ್ನು ಒಯ್ಯುತ್ತದೆ. ಇಲ್ಲಿ ಇಂಜೆಕ್ಷನ್ ಸಿರಿಂಜನ್ನು ನೆನೆಸಿಕೊಂಡರೆ ಸಾಕು. ದನಕ್ಕೆ ಚುಚ್ಚುವ ದಪ್ಪ ಸಿರಿಂಜ್, ಮಗುವಿಗೆ ಚುಚ್ಚುವ ಸಣ್ಣ ಸಿರಿಂಜ್ ಎರಡನ್ನೂ ಒಂದೇ ಬಲದಿಂದ ಒತ್ತಿದರೆ ಸಣ್ಣದರೊಳಗೆ ಒತ್ತಡ ಹೆಚ್ಚು. ಅಷ್ಟೇ ಔಷಧ ಹೊರಗೆ ಬರಬೇಕಾದರೆ ಸಣ್ಣದರ ಹಿಡಿ ಹೆಚ್ಚು ದೂರ ಹೋಗಬೇಕು. ಮತ್ತೆ ಅದೇ ಹಾರೆಯ ನ್ಯಾಯ.

## ಬೂಸ್ಟರ್ ಏನು ಮಾಡುತ್ತಿತ್ತು

ಮಾಸ್ಟರ್ ಸಿಲಿಂಡರ್ ಹಿಂದೆ ತಟ್ಟೆಯಂತೆ ಕಾಣುವ ಕಪ್ಪು ಡಬ್ಬಿಯೇ ಬೂಸ್ಟರ್. ಒಳಗೆ ಒಂದು ರಬ್ಬರ್ ಪರದೆ ಡಬ್ಬಿಯನ್ನು ಎರಡು ಕೋಣೆ ಮಾಡಿರುತ್ತದೆ. ಎಂಜಿನ್ ಓಡುವಾಗ ಎರಡೂ ಕೋಣೆಗಳ ಗಾಳಿಯನ್ನು ಹೊರಗೆಳೆದು ವ್ಯಾಕ್ಯೂಮ್ ಮಾಡಲಾಗುತ್ತದೆ. ಪೆಡಲ್ ಒತ್ತಿದ ಕೂಡಲೇ ಹಿಂದಿನ ಕೋಣೆಗೆ ಹೊರಗಿನ ಗಾಳಿ ನುಗ್ಗುತ್ತದೆ, ಮುಂದಿನದು ಖಾಲಿಯೇ ಇರುತ್ತದೆ, ಪರದೆ ಮುಂದಕ್ಕೆ ತಳ್ಳಲ್ಪಡುತ್ತದೆ. ಟೆಟ್ರಾ ಪ್ಯಾಕ್ ಜ್ಯೂಸ್ ಮುಗಿದ ಮೇಲೂ ಸ್ಟ್ರಾ ಎಳೆದರೆ ಡಬ್ಬಿ ಒಳಕ್ಕೆ ಕುಸಿಯುತ್ತದಲ್ಲ, ಆ ಗಾಳಿಯ ಬಲವೇ ಇದು.

ಆ ಬಲ ಕಡಿಮೆಯೇನಲ್ಲ. 8 ಇಂಚು ವ್ಯಾಸದ ಪರದೆಯ ವಿಸ್ತೀರ್ಣ ಸುಮಾರು 324 ಚದರ ಸೆಂಟಿಮೀಟರ್. ಮೀಟರಿನಲ್ಲಿ 18 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ತೋರಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ 0.62 ಕಿಲೋ. ಎರಡನ್ನೂ ಗುಣಿಸಿದರೆ 200 ಕಿಲೋ. ನಾಲ್ಕು ಚೀಲ ಸಿಮೆಂಟಿನ ಭಾರ ನಿಮ್ಮ ಕಾಲಿನ ಜೊತೆ ಸೇರಿ ತಳ್ಳುತ್ತಿರುತ್ತದೆ.

ಬೆಟ್ಟದ ಊರಿನವರಿಗೆ ಇಲ್ಲೊಂದು ಮಾತು. ಬೂಸ್ಟರ್ ಹೊರಗಿನ ಗಾಳಿಯನ್ನೇ ನಂಬಿದೆ, ಎತ್ತರಕ್ಕೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಬೂಸ್ಟರಿನ ಸಹಾಯವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮ್ಯಾನ್ಯುಯಲ್ ಬ್ರೇಕಿಗೆ ಈ ಗೊಡವೆ ಇಲ್ಲ. ಇಳಿಜಾರಿನಲ್ಲಿ ಎಂಜಿನ್ ಆಫ್ ಆದರೂ ಪೆಡಲ್ ಬದಲಾಗುವುದಿಲ್ಲ. ಬೂಸ್ಟರ್ ಇರುವ ಗಾಡಿಯಲ್ಲಾದರೆ ಡಬ್ಬಿಯಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ.

## ಕಳಚುವ ಮುಂಚೆ ರೋಗ ಯಾವುದು ನೋಡಿ

ಪೆಡಲ್ ಗಟ್ಟಿಯಾಯಿತು ಎಂದ ಕೂಡಲೇ ಬೂಸ್ಟರಿಗೆ ಕೈ ಹಾಕಬೇಡಿ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ. ಕೊನೆಯ ಸಲ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿ ಬೆರಳು ದಪ್ಪ ತಾನಾಗಿ ಕೆಳಗಿಳಿದರೆ ಬೂಸ್ಟರ್ ಬದುಕಿದೆ. ಇಳಿಯದಿದ್ದರೆ ವ್ಯಾಕ್ಯೂಮ್ ಹೋಸ್ ಬಿರುಕು ಬಿಟ್ಟಿರಬಹುದು, ಹೋಸಿನ ಒಂದು ದಿಕ್ಕಿನ ವಾಲ್ವ್ ಸತ್ತಿರಬಹುದು, ಒಳಗಿನ ಪರದೆ ಹರಿದಿರಬಹುದು. ಹೋಸ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಬ್ರೇಕನ್ನೇ ಬುಡಮೇಲು ಮಾಡುವುದು ದಂಡ.

ಎಂಜಿನ್ ಬದಲಾದ ಗಾಡಿಯಲ್ಲಿ ಕಾರಣ ಬೇರೆ. ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗಲೇ ವ್ಯಾಕ್ಯೂಮ್ ಹುಟ್ಟುತ್ತದೆ, ಡೀಸೆಲ್ಲಿನಲ್ಲಿ ಹಾಗೆ ಹುಟ್ಟುವುದಿಲ್ಲ. ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ, ನಮ್ಮ ಅನೇಕ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಎಂಜಿನ್ ಕೂರಿಸುವಾಗ ಪಂಪ್ ಇಲ್ಲದ ಆಲ್ಟರ್ನೇಟರ್ ಹಾಕಿದರೆ ಬೂಸ್ಟರ್ ಬರೀ ತಗಡಿನ ಡಬ್ಬಿ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ರೇಸಿನ ಕ್ಯಾಮ್ ಹಾಕಿದ ಪೆಟ್ರೋಲ್ ಎಂಜಿನ್ನಿನಲ್ಲೂ ಐಡಲ್‌ನಲ್ಲಿ ವ್ಯಾಕ್ಯೂಮ್ ಸಾಲುವುದಿಲ್ಲ. ಎರಡೂ ಕಡೆ ಸರಿಯಾದ ಪಂಪ್ ಅಥವಾ ಕರೆಂಟಿನ ವ್ಯಾಕ್ಯೂಮ್ ಪಂಪ್ ಹಾಕಿ ಬೂಸ್ಟರನ್ನು ಉಳಿಸಿಕೊಳ್ಳಬಹುದು. ಮನೆಮಂದಿಯೆಲ್ಲ ಓಡಿಸುವ ಗಾಡಿಯಾದರೆ ಇದೇ ಸರಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಈ ಲೇಖನದ ಮುಂದಿನ ಭಾಗ ಅದಕ್ಕಲ್ಲ. ಅದರ ಬ್ರೇಕಿಗೆ ಕೈ ಹಾಕಲೇಬೇಡಿ.

## 30 ಕಿಲೋ, 80 ಕಿಲೋ, 41 ಕಿಲೋ

ಈಗ ಲೆಕ್ಕ. ಒಂದು ಪವರ್ ಬ್ರೇಕ್ ಗಾಡಿ, ಪೆಡಲ್ ಅನುಪಾತ 4ಕ್ಕೆ 1, ಮಾಸ್ಟರ್ ಸಿಲಿಂಡರ್ 1 ಇಂಚಿನದು (25.4 ಮಿಮೀ, ವಿಸ್ತೀರ್ಣ 5.07 ಚದರ ಸೆಂಮೀ). ಕಾಲಿನಿಂದ 30 ಕಿಲೋ ಒತ್ತಿದಿರಿ. ಪೆಡಲ್ ಅದನ್ನು 120 ಮಾಡಿತು, ಬೂಸ್ಟರ್ ತನ್ನ 200 ಸೇರಿಸಿತು, ಒಟ್ಟು 320. ಆಯಿಲ್ ಒತ್ತಡ ಚದರ ಸೆಂಟಿಮೀಟರಿಗೆ 63 ಕಿಲೋ, ಮೀಟರಿನ ಭಾಷೆಯಲ್ಲಿ ಸುಮಾರು 900 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ.

ಬೂಸ್ಟರ್ ತೆಗೆದಿರಿ, ಬೇರೇನೂ ಮುಟ್ಟಲಿಲ್ಲ. ಅದೇ 63 ಬೇಕಾದರೆ ಕಾಲು 80 ಕಿಲೋ ಒತ್ತಬೇಕು. ಅಂದರೆ ಒಬ್ಬ ಆಳು ಪೆಡಲ್ ಮೇಲೆ ಒಂಟಿ ಕಾಲಲ್ಲಿ ಎದ್ದು ನಿಂತಂತೆ.

ಈಗ ಪೆಡಲ್ ಅನುಪಾತವನ್ನು 6ಕ್ಕೆ 1 ಮಾಡಿ, 7/8 ಇಂಚಿನ ಮಾಸ್ಟರ್ ಸಿಲಿಂಡರ್ ಹಾಕಿ (22.2 ಮಿಮೀ, 3.88 ಚದರ ಸೆಂಮೀ). ಅದೇ ಒತ್ತಡಕ್ಕೆ ಸುಮಾರು 41 ಕಿಲೋ ಸಾಕು. ಮೊದಲಿಗಿಂತ 11 ಕಿಲೋ ಹೆಚ್ಚು, ಆದರೆ ಕಾಲಿಗೆ ಎಟುಕುವ ಮಾತು.

ಬದಲಿಗೆ ತೆರುವುದೇನು? ನಾಲ್ಕೂ ಚಕ್ರಕ್ಕೆ ಒಟ್ಟು 8 ಸಿಸಿ ಆಯಿಲ್ ತಳ್ಳಬೇಕು ಎಂದಿಟ್ಟುಕೊಳ್ಳಿ. ಹಳೆಯ ಜೋಡಣೆಯಲ್ಲಿ ಪೆಡಲ್ 63 ಮಿಮೀ ಇಳಿದರೆ ಸಾಕಿತ್ತು. ಹೊಸದರಲ್ಲಿ 124 ಮಿಮೀ ಇಳಿಯಬೇಕು. ಹೆಚ್ಚುಕಡಿಮೆ ಎರಡರಷ್ಟು.

"ಹಾಗಾದರೆ ಇನ್ನೂ ಸಣ್ಣದು, 3/4 ಇಂಚು ಹಾಕೋಣ, 30 ಕಿಲೋಗೇ 63 ಸಿಗುತ್ತೆ" ಎನ್ನುವವರಿದ್ದಾರೆ. ಲೆಕ್ಕ ಸರಿ, ಆದರೆ ಪೆಡಲ್ 168 ಮಿಮೀ ಇಳಿಯಬೇಕು. ಅಷ್ಟರೊಳಗೆ ಅದು ಫ್ಲೋರಿಗೆ ತಾಗಿರುತ್ತದೆ. ಸಾಮಾನ್ಯ ಗಾತ್ರದ ಗಾಡಿಗೆ 7/8 ಅಥವಾ 15/16 ಇಂಚು ಹದ.

## ಪೆಡಲಿನ ತೂತು

ಅನುಪಾತ ಅಳೆಯುವುದು ಸುಲಭ. ಪೆಡಲ್ ತೂಗುವ ಪಿನ್ನಿನಿಂದ ಪಾದ ಊರುವ ರಬ್ಬರಿನ ನಡುವಿನವರೆಗೆ ಅಳೆಯಿರಿ. ಅದೇ ಪಿನ್ನಿನಿಂದ ಪುಶ್ ರಾಡ್ ಸಿಕ್ಕಿಸಿದ ತೂತಿನವರೆಗೆ ಅಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 300 ಮಿಮೀ ಉದ್ದದ ಪೆಡಲಿನಲ್ಲಿ ತೂತು 75 ಮಿಮೀ ದೂರವಿದ್ದರೆ ಅನುಪಾತ 4. ಅದೇ ತೂತನ್ನು 25 ಮಿಮೀ ಮೇಲಕ್ಕೆ, ಪಿನ್ನಿನ ಹತ್ತಿರಕ್ಕೆ ಒಯ್ದರೆ 6. ಅಮೆರಿಕದ ಜನರಲ್ ಮೋಟರ್ಸ್ ಹಳೆಯ ಕಾರುಗಳ ಅನೇಕ ಪೆಡಲುಗಳಲ್ಲಿ ಒಂದಿಂಚು ಅಂತರದಲ್ಲಿ ಎರಡು ತೂತು ಕಾರ್ಖಾನೆಯಿಂದಲೇ ಬರುತ್ತಿತ್ತು: ಮೇಲಿನದು ಮ್ಯಾನ್ಯುಯಲ್ಲಿಗೆ, ಕೆಳಗಿನದು ಪವರಿಗೆ.

ನಮ್ಮಲ್ಲಿ ಆ ಭಾಗ್ಯ ಅಪರೂಪ, ಹೊಸ ತೂತು ಕೊರೆಯಬೇಕು. ಪೆಡಲ್ ತೋಳಿನ ಅಂಚಿನಿಂದ ತೂತಿನ ಅಂಚಿಗೆ ಕಡೇಪಕ್ಷ ಒಂದು ಪಿನ್ನಿನಷ್ಟು ಲೋಹ ಉಳಿಯಬೇಕು. ಉಳಿಯದಿದ್ದರೆ ಬೇರೆ ಪೆಡಲ್ ಹುಡುಕಿ. ಎರಕದ ತೋಳಿಗೆ ತುಂಡು ವೆಲ್ಡಿಂಗ್ ಮಾಡಿ ಸರಿತೂಗಿಸುವುದು ಬೇಡ. ಬ್ರೇಕ್ ಪೆಡಲ್ ಮುರಿಯುವುದು ಜೋರಾಗಿ ತುಳಿದ ಗಳಿಗೆಯಲ್ಲೇ.

ತೂತು ಮೇಲೆ ಹೋಯಿತು ಎಂದರೆ ಮಾಸ್ಟರ್ ಸಿಲಿಂಡರೂ ಮೇಲೆ ಹೋಗಬೇಕು. ಪುಶ್ ರಾಡ್ ನೇರ ಕೂರಬೇಕು, ವಾಲುವುದಿದ್ದರೂ 5 ಡಿಗ್ರಿ ಮೀರಬಾರದು. ಮೀರಿದರೆ ರಾಡ್ ಪಿಸ್ಟನ್ನನ್ನು ಪಕ್ಕಕ್ಕೆ ಒತ್ತುತ್ತದೆ, ಸಿಲಿಂಡರಿನ ಒಳಗೋಡೆ ಒಂದೇ ಕಡೆ ಸವೆಯುತ್ತದೆ, ಕೆಲವೇ ತಿಂಗಳಲ್ಲಿ ಆಯಿಲ್ ಕ್ಯಾಬಿನ್ನಿನೊಳಗೆ ಜಿನುಗುತ್ತದೆ.

ಇನ್ನೊಂದು ಮರೆವು ಸ್ಪ್ರಿಂಗಿನದು. ಪೆಡಲನ್ನು ಹಿಂದಕ್ಕೆ ತರುವಲ್ಲಿ ಬೂಸ್ಟರಿನ ಒಳಗಿನ ಸ್ಪ್ರಿಂಗಿಗೂ ಪಾಲಿತ್ತು. ಅದು ಹೋದ ಮೇಲೆ ಪೆಡಲಿಗೆ ಬೇರೆ ರಿಟರ್ನ್ ಸ್ಪ್ರಿಂಗ್, ಹಿಂದೆ ಬಂದು ನಿಲ್ಲಲು ಒಂದು ತಡೆ ಬೇಕು. ಬ್ರೇಕ್ ಲೈಟ್ ಸ್ವಿಚ್ಚನ್ನೂ ಹೊಸ ಜಾಗಕ್ಕೆ ಹೊಂದಿಸಬೇಕು.

## ಮಾಸ್ಟರ್ ಸಿಲಿಂಡರ್ ಕೊಳ್ಳುವಾಗ

ಡಬ್ಬದ ಮೇಲೆ ಬರೆದ ಅಳತೆ ನಂಬಿ ತರಬೇಡಿ, ವರ್ನಿಯರ್ ಹಾಕಿ ನೋಡಿ. ಗುಜರಿಯದ್ದಂತೂ ಬೇಡವೇ ಬೇಡ. ಎರಡು ಸರ್ಕ್ಯೂಟಿನದು, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ದಾರಿ ಇರುವುದನ್ನೇ ತನ್ನಿ. ಹಳೆಯ ವಿಲ್ಲೀಸ್ ಜೀಪಿನಲ್ಲಿ ಫ್ಲೋರಿನ ಕೆಳಗಿದ್ದದ್ದು ಒಂದೇ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು.

ಕೊಳ್ಳುವಾಗ ಪಿಸ್ಟನ್ನಿನ ಹಿಂಬದಿಯ ಕುಳಿಗೆ ಬೆರಳು ತೂರಿಸಿ ನೋಡಿ. ಬೂಸ್ಟರ್ ಗಾಡಿಯ ಪಿಸ್ಟನ್ನಿನಲ್ಲಿ ಕುಳಿ ಆಳವಿಲ್ಲ, ಏಕೆಂದರೆ ರಾಡನ್ನು ಬೂಸ್ಟರೇ ಹಿಡಿದಿರುತ್ತದೆ. ಮ್ಯಾನ್ಯುಯಲ್ಲಿನದರಲ್ಲಿ ಕುಳಿ ಆಳ, ಸಾಮಾನ್ಯವಾಗಿ ಒಂದೂವರೆ ಎರಡು ಇಂಚು. ರಾಡ್ ಈಚೆ ಬರದಂತೆ ಕ್ಲಿಪ್ಪೋ ರಬ್ಬರ್ ರಿಂಗೋ ಇರುತ್ತದೆ. ಆಳವಿಲ್ಲದ ಪಿಸ್ಟನ್ನಿಗೆ ಸಡಿಲ ರಾಡ್ ಕೊಟ್ಟರೆ, ಪೆಡಲ್ ಮೇಲಕ್ಕೆ ಜಿಗಿದಾಗ ರಾಡ್ ಜಾರಿ ಬಿದ್ದುಹೋಗಬಹುದು. ಮುಂದಿನ ಸಲ ತುಳಿದರೆ ಅಲ್ಲಿ ಏನೂ ಇರುವುದಿಲ್ಲ. ಈ ಬದಲಾವಣೆಯಲ್ಲಿ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ.

ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರುಗಳಲ್ಲಿ ಕೆಲವಕ್ಕೆ ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ಸಣ್ಣ ವಾಲ್ವ್ ಒಳಗೇ ಇರುತ್ತದೆ. ಡ್ರಮ್ಮಿಗೆ ಅದು ಒಳ್ಳೆಯದು, ಡಿಸ್ಕಿಗೆ ಕೊಟ್ಟರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇದ್ದರೆ ಯಾವ ಪೋರ್ಟ್ ಯಾವುದಕ್ಕೆ ಎಂದು ಕೇಳಿ ತಿಳಿದೇ ಜೋಡಿಸಿ. ಹಿಂಚಕ್ರದ ಒತ್ತಡ ತಗ್ಗಿಸುವ ವಾಲ್ವ್ ಗಾಡಿಯಲ್ಲಿ ಮೊದಲೇ ಇದ್ದರೆ ತೆಗೆಯಬೇಡಿ. ಒದ್ದೆ ರಸ್ತೆಯಲ್ಲಿ ಹಿಂಚಕ್ರ ಮೊದಲು ಲಾಕ್ ಆದರೆ ಗಾಡಿ ಗಿರಕಿ ಹೊಡೆಯುತ್ತದೆ.

ಡ್ರಮ್ಮಿಗೂ ಡಿಸ್ಕಿಗೂ ಇನ್ನೊಂದು ವ್ಯತ್ಯಾಸವಿದೆ. ತಿರುಗುವ ಡ್ರಮ್ ತಾನೇ ಲೈನರನ್ನು ಒಳಕ್ಕೆ ಎಳೆದುಕೊಂಡು ಹಿಡಿತ ಹೆಚ್ಚಿಸುತ್ತದೆ. ಡಿಸ್ಕ್ ಹಾಗೆ ಸಹಾಯ ಮಾಡುವುದಿಲ್ಲ. ಹಾಗಾಗಿ ನಾಲ್ಕೂ ಡ್ರಮ್ ಇರುವ ಗಾಡಿ ಮ್ಯಾನ್ಯುಯಲ್ಲಿಗೆ ಬೇಗ ಒಗ್ಗುತ್ತದೆ. ಡಿಸ್ಕ್ ಇದ್ದರೆ ಹಿಡಿತ ಹೆಚ್ಚಿರುವ ಮೆತ್ತನೆಯ ಪ್ಯಾಡ್ ಹಾಕಿ, ಬೇಗ ಸವೆದರೂ ಸರಿ.

## ತಗಡಿನ ಗೋಡೆ ಬಾಗಬಾರದು

ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಮೇಲೆ ಮಾಸ್ಟರ್ ಸಿಲಿಂಡರ್ ನೇರವಾಗಿ ಕೂರುತ್ತದೆ. ಗಾಬರಿಯಲ್ಲಿ 80 ಕಿಲೋ ತುಳಿದರೆ 6ರ ಅನುಪಾತದಲ್ಲಿ 480 ಕಿಲೋ ಆ ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ. ಬೂಸ್ಟರ್ ತೆಗೆದ ದೊಡ್ಡ ತೂತನ್ನು ಮುಚ್ಚುವ ತೆಳು ತಗಡು ಇದಕ್ಕೆ ಸಾಲದು. 5 ಅಥವಾ 6 ಮಿಮೀ ಕಬ್ಬಿಣದ ಪ್ಲೇಟ್ ಕತ್ತರಿಸಿ, ಹಳೆಯ ನಾಲ್ಕು ಬೋಲ್ಟುಗಳ ಜಾಗಕ್ಕೂ ಪೆಡಲ್ ಬ್ರಾಕೆಟ್ಟಿಗೂ ಸೇರುವಂತೆ, 8.8 ಗ್ರೇಡ್ ಬೋಲ್ಟ್ ಮತ್ತು ನೈಲಾಕ್ ನಟ್ಟಿನಿಂದ ಬಿಗಿಯಿರಿ.

ಬಿಗಿದ ಮೇಲೆ ಒಬ್ಬರು ಒಳಗೆ ಕೂತು ಜೋರಾಗಿ ತುಳಿಯಲಿ, ಇನ್ನೊಬ್ಬರು ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರಿನ ಮೂತಿ ನೋಡುತ್ತಿರಲಿ. ಮೂತಿ ಮುಂದಕ್ಕೆ 2 ಮಿಮೀ ಓಡಿದರೂ ಪೆಡಲಿನಲ್ಲಿ ಅದು 12 ಮಿಮೀ ನಷ್ಟ. "ಏರ್ ಹೋಗ್ತಾನೇ ಇಲ್ಲ, ಪೆಡಲ್ ಸ್ಪಂಜು" ಎಂದು ಮೂರು ದಿನ ಆಯಿಲ್ ಸುರಿದು, ಕೊನೆಗೆ ನೋಡಿದರೆ ಗೋಡೆಯೇ ಉಸಿರಾಡುತ್ತಿರುತ್ತದೆ.

## ಒಂದೂವರೆ ಮಿಲಿಮೀಟರ್

ಪೆಡಲ್ ಪೂರ್ತಿ ಮೇಲಿರುವಾಗ ಪುಶ್ ರಾಡಿನ ತುದಿಗೂ ಪಿಸ್ಟನ್ನಿಗೂ ನಡುವೆ 1ರಿಂದ 1.5 ಮಿಮೀ ಸಂದು ಬೇಕು. ಪೆಡಲಿನಲ್ಲಿ ಅದು 6ರಿಂದ 9 ಮಿಮೀ ಖಾಲಿ ಆಟವಾಗಿ ಕೈಗೆ ಸಿಗುತ್ತದೆ. ರಾಡನ್ನು ತಿರುಗಿಸಿ ಇದನ್ನು ಹೊಂದಿಸಿ ಲಾಕ್ ನಟ್ ಬಿಗಿಯಬೇಕು.

ಸಂದು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಗೊತ್ತಿರಬೇಕು. ಮಾಸ್ಟರ್ ಸಿಲಿಂಡರಿನೊಳಗೆ, ಪಿಸ್ಟನ್ ಹಿಂದೆ ಬಂದಾಗ ತೆರೆದುಕೊಳ್ಳುವ ಒಂದು ಸೂಜಿತೂತು ಇದೆ. ಬಿಸಿಯಾಗಿ ಹಿಗ್ಗಿದ ಆಯಿಲ್ ಅದರ ಮೂಲಕ ಮೇಲಿನ ಡಬ್ಬಿಗೆ ವಾಪಸ್ ಹೋಗುತ್ತದೆ. ರಾಡ್ ಪಿಸ್ಟನ್ನನ್ನು ಕೂದಲೆಳೆಯಷ್ಟು ಮುಂದೆ ಹಿಡಿದರೂ ಆ ತೂತು ಮುಚ್ಚುತ್ತದೆ. ಹಿಗ್ಗಿದ ಆಯಿಲಿಗೆ ದಾರಿ ಇಲ್ಲ, ಬ್ರೇಕ್ ತಾನೇ ಹಿಡಿಯತೊಡಗುತ್ತದೆ, ಇನ್ನೂ ಬಿಸಿ, ಇನ್ನೂ ಹಿಡಿತ. ಗ್ಯಾರೇಜಿನಿಂದ ಹೊರಟಾಗ ಚೆನ್ನಾಗಿದ್ದ ಗಾಡಿ ಹತ್ತು ಕಿಲೋಮೀಟರಿನಲ್ಲಿ ಜಾಮ್ ಆಗಿ ಹೊಗೆಯಾಡುವುದು ಹೀಗೆ. ನಿಂತು ಆರಿದ ಮೇಲೆ ಮತ್ತೆ ಸರಿ, ಹಾಗಾಗಿ ಕಾರಣ ಸಿಗುವುದೇ ಇಲ್ಲ.

## ಪೈಪು, ಆಯಿಲು, ಏರು

ಹೊಸ ಜಾಗಕ್ಕೆ ಪೈಪ್ ಮುಟ್ಟದಿದ್ದರೆ ಹೊಸ ಪೈಪ್ ಬಾಗಿಸಬೇಕು. ಗ್ಯಾರೇಜಿನಲ್ಲಿ ಬಂಡಿ ಪೈಪ್ ಎನ್ನುತ್ತಾರೆ. ಎತ್ತಿನ ಬಂಡಿಗೂ ಇದಕ್ಕೂ ಸಂಬಂಧವಿಲ್ಲ, ಬಂಡಿ ಎಂಬುದು ಅದನ್ನು ಮಾಡಿದ ಕಂಪನಿಯ ಹೆಸರು: ಎರಡು ಪದರದ ಉಕ್ಕಿನ ಪೈಪ್, 4.75 ಮಿಮೀ ದಪ್ಪ. ಬಾಗಿಸಲು ಸುಲಭ ಎಂದು ಬರೀ ತಾಮ್ರದ ಪೈಪ್ ಹಾಕಬೇಡಿ, ನಡುಗಿ ನಡುಗಿ ಗಡುಸಾಗಿ ಬಿರುಕು ಬಿಡುತ್ತದೆ. ಪೈಪಿನ ತುದಿಯ ಆಕಾರ ನೋಡಿ: ಲಾಳಿಕೆಯಂತೆ ಅಗಲಿಸಿ ಒಳಕ್ಕೆ ಮಡಚಿದ ಡಬಲ್ ಫ್ಲೇರ್ ಒಂದು ಬಗೆ, ಗುಳ್ಳೆಯಂತೆ ಉಬ್ಬಿದ ಬಬಲ್ ಫ್ಲೇರ್ ಇನ್ನೊಂದು. ಒಂದಕ್ಕೆ ಮಾಡಿದ ಜಾಗದಲ್ಲಿ ಇನ್ನೊಂದನ್ನು ಎಷ್ಟು ಬಿಗಿದರೂ ಸೋರುತ್ತದೆ.

ಆಯಿಲ್ ಡಾಟ್ 3 ಅಥವಾ ಡಾಟ್ 4, ಒಂದು ಲೀಟರ್ ಹೊಸದು. ಇದು ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯದನ್ನು ಬಳಸಬೇಡಿ. ಹೊಸ ಡಾಟ್ 4 ಕುದಿಯುವುದು ಕನಿಷ್ಠ 230 ಡಿಗ್ರಿಗೆ. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ರಬ್ಬರ್ ವಾಷರುಗಳನ್ನು ಪೆಟ್ರೋಲ್, ಡೀಸೆಲ್ಲಿನಲ್ಲಿ ತೊಳೆದರೆ ಊದಿಕೊಳ್ಳುತ್ತವೆ. ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ.

ಮಾಸ್ಟರ್ ಸಿಲಿಂಡರಿನ ಏರನ್ನು ಗಾಡಿಗೆ ಕೂರಿಸುವ ಮೊದಲೇ ತೆಗೆಯಬೇಕು. ವೈಸಿಗೆ ಹಿಡಿಸಿ, ಎರಡೂ ಪೋರ್ಟಿನಿಂದ ಸಣ್ಣ ಪೈಪನ್ನು ಮೇಲಿನ ಡಬ್ಬಿಯ ಆಯಿಲಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ನಿಧಾನ ಒತ್ತಿ ಬಿಡಿ. ಗಾಡಿಯಲ್ಲಿ ದೂರದ ಚಕ್ರದಿಂದ ಶುರು: ಸ್ಟೀರಿಂಗ್ ಬಲಕ್ಕಿರುವ ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಅದಕ್ಕೂ ಮೊದಲು ಡ್ರಮ್ಮಿನ ಲೈನರನ್ನು ಚಕ್ರ ತುಸು ಉಜ್ಜುವವರೆಗೆ ಬಿಗಿಮಾಡಿ, ಉಜ್ಜು ನಿಲ್ಲುವಷ್ಟು ಮಾತ್ರ ಸಡಿಲಿಸಿ. ಪವರ್ ಬ್ರೇಕಿನಲ್ಲಿ ಸಡಿಲ ಲೈನರನ್ನು ಸಹಿಸಬಹುದಿತ್ತು, ಇಲ್ಲಿ ಪೆಡಲಿನ ದೂರವೇ ಬಂಡವಾಳ.

## ವ್ಯಾಕ್ಯೂಮ್ ಕಡೆಯ ಬಾಕಿ

ಪೆಟ್ರೋಲ್ ಎಂಜಿನ್ನಾದರೆ ಮ್ಯಾನಿಫೋಲ್ಡಿನ ತೂತನ್ನು ಥ್ರೆಡ್ ಇರುವ ಪ್ಲಗ್ಗಿನಿಂದ ಮುಚ್ಚಿ. ತೆರೆದರೆ ಎಂಜಿನ್ ಹೆಚ್ಚು ಗಾಳಿ ಕುಡಿದು ಐಡಲ್‌ನಲ್ಲಿ ತೊದಲುತ್ತದೆ. ಡೀಸೆಲ್ಲಿನಲ್ಲಿ ವ್ಯಾಕ್ಯೂಮ್ ಪಂಪನ್ನು ಕೀಳುವ ಮುಂಚೆ ಅದರ ಹೋಸ್ ಇನ್ನೆಲ್ಲಿಗೆ ಹೋಗಿದೆ ನೋಡಿ. ಅನೇಕ ಎಂಜಿನ್ನುಗಳಲ್ಲಿ ಟರ್ಬೊವಿನ ನಿಯಂತ್ರಣ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಅದರಿಂದಲೇ ಕೆಲಸ ಮಾಡುತ್ತವೆ. ಪಂಪ್ ಹಾಗೇ ತಿರುಗುತ್ತಿರಲಿ ಎಂದು ಬಿಟ್ಟು ಅದಕ್ಕೆ ಬರುವ ಎಂಜಿನ್ ಆಯಿಲ್ ಲೈನ್ ಮಾತ್ರ ಬಂದ್ ಮಾಡಿದರೆ ಪಂಪ್ ಒಣಗಿ ಹಿಡಿದುಕೊಂಡು ಆಲ್ಟರ್ನೇಟರನ್ನೂ ಕೊಲ್ಲುತ್ತದೆ.

## ಕಾಗದದ ಮಾತು

ಕೆಎ 18 ಇರಲಿ, ಕೆಎ 13 ಇರಲಿ, ಕೆಎ 46 ಇರಲಿ, ಕಾನೂನು ಒಂದೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕು. ತೋಟದ ಬೇಲಿಯೊಳಗೇ ಓಡುವ ಗಾಡಿಯ ಮಾತು ಬೇರೆ; ರಸ್ತೆಗಿಳಿಯುವುದಾದರೆ ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿ.

## ಘಾಟಿಗೆ ಇಳಿಸುವ ಮೊದಲು

ನಿಂತ ಗಾಡಿಯಲ್ಲೇ ಪೆಡಲನ್ನು ಶಕ್ತಿಯಿದ್ದಷ್ಟು ತುಳಿದು 30 ಸೆಕೆಂಡ್ ಹಿಡಿಯಿರಿ. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ. ಹೊರಗೆ ಎಲ್ಲೂ ಒದ್ದೆಯಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳ ವಾಷರ್ ಹೋಗಿದೆ. ಮೊದಲ ಸಲ ಮೆತ್ತಗೆ, ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾದರೆ ಏರ್ ಉಳಿದಿದೆ ಇಲ್ಲವೇ ಲೈನರ್ ಸಡಿಲವಿದೆ. ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್ ದೊಡ್ಡದಾಯಿತು, ಅಥವಾ ತೂತು ಬದಲಿಸಿಲ್ಲ, ಅಥವಾ ಪ್ಯಾಡ್ ಗಾಜಿನಂತೆ ನುಣುಪಾಗಿದೆ. ನಾಲ್ಕೂ ಚಕ್ರ ಜ್ಯಾಕ್ ಮೇಲೆತ್ತಿ, ತುಳಿದು ಬಿಟ್ಟ ಮೇಲೆ ಕೈಯಲ್ಲಿ ತಿರುಗಿಸಿ ನೋಡಿ.

ಆಮೇಲೆ ಖಾಲಿ, ಸಮತಟ್ಟು ಜಾಗದಲ್ಲಿ 20 ಕಿಲೋಮೀಟರ್ ವೇಗ, ನಂತರ 40. ಗಾಡಿಯನ್ನು ದಿನವೂ ಓಡಿಸುವವರೇ ತುಳಿಯಲಿ. ಮೆಕ್ಯಾನಿಕ್ಕಿನ ಕಾಲಿಗೆ ಹಗುರವಾದದ್ದು ಅವರ ಕಾಲಿಗೆ ಹಗುರವಿರಬೇಕೆಂದಿಲ್ಲ. 15 ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಮೇಲೆ ಎರಡು ಹನಿ ನೀರು ಹಾಕಿ. ಒಂದರಲ್ಲಿ ಮಾತ್ರ ಚುರ್ ಎಂದರೆ ಆ ಚಕ್ರ ಬಿಟ್ಟುಕೊಡುತ್ತಿಲ್ಲ. ನಾಲ್ಕರಲ್ಲೂ ಚುರ್ ಎಂದರೆ ಆ ಒಂದೂವರೆ ಮಿಲಿಮೀಟರನ್ನು ಮತ್ತೆ ಅಳೆಯಿರಿ.

ಚಾರ್ಮಾಡಿ, ಶಿರಾಡಿ ಇಳಿಯುವುದು ಇದೆಲ್ಲ ಆಗಿ 100 ಕಿಲೋಮೀಟರ್ ಓಡಿದ ಮೇಲೆ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದ ಮೇಲೆ. ಮೊದಲ ವಾರ ಆಯಿಲ್ ಡಬ್ಬಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಪೆನ್ನಿನಿಂದ ಗೆರೆ ಎಳೆದಿಡಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಒಮ್ಮೆ ಬಾನೆಟ್ ಎತ್ತಿ ನೋಡಿ.